ಎಳೆಗುದುರೆಯನ್ನು ಇಟ್ಟುಕೊಳ್ಳುವುದೋ, ಮಾರುವುದೋ? ಕೊಡಗಿನ ಮಳೆಗಾಲವನ್ನು ಮುಂದಿಟ್ಟುಕೊಂಡು ನಿರ್ಧರಿಸುವ ಕ್ರಮ

ಕೊಡಗಿನ ತೋಟದ ಮನೆಗಳಿಗೆ ಎಳೆಗುದುರೆ ಬಂದು ಸೇರುವುದು ಹೆಚ್ಚಾಗಿ ಯೋಜನೆಯಿಲ್ಲದೆ. ರೇಸಿನಿಂದ ಬಿಡಿಸಿದ ಹೆಣ್ಣುಕುದುರೆಯನ್ನು ಯಾರೋ ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಕಡಿಮೆ ಬೆಲೆಗೆ ತರುತ್ತಾರೆ, ಅದು ಇಲ್ಲಿ ಮರಿ ಹಾಕುತ್ತದೆ. ಅಥವಾ ಮಕ್ಕಳು ಸವಾರಿ ಕಲಿಯಲಿ ಎಂದು ಒಂದು ವರ್ಷದ ಮರಿಯನ್ನೇ ಕೊಂಡು ತರುತ್ತಾರೆ. ಎರಡು ವರ್ಷ ತುಂಬುವ ಹೊತ್ತಿಗೆ ಆ ಮರಿ ಹೆಚ್ಚುಕಡಿಮೆ ತಾಯಿಯ ಎತ್ತರಕ್ಕೆ ಬಂದಿರುತ್ತದೆ, ತಾಯಿಯಷ್ಟೇ ಮೇವು ತಿನ್ನುತ್ತದೆ, ಕಲಿತದ್ದು ಮಾತ್ರ ಬಹಳ ಕಡಿಮೆ. ಆಸೆಪಟ್ಟು ತರಿಸಿದ ಮಗನೋ ಮಗಳೋ ಅಷ್ಟರಲ್ಲಿ ಓದಲೆಂದು ಊರು ಬಿಟ್ಟಿರುತ್ತಾರೆ. ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಮಾತು ಮನೆಯಲ್ಲಿ ಏಳುವುದು ಆಗ.

ವಿರಾಜಪೇಟೆಯ ಕಡೆಯ ನಮ್ಮ ತೋಟದಲ್ಲಿ ಈ ಮಾತು ಮೂರು ಬಾರಿ ಎದ್ದಿದೆ. ಒಂದು ಮರಿಯನ್ನು ಇಟ್ಟುಕೊಂಡೆವು, ಎರಡನ್ನು ಮಾರಿದೆವು. ಆ ಎರಡರಲ್ಲಿ ಒಂದನ್ನು ಮಾರಿದ ರೀತಿ ತಪ್ಪಾಗಿತ್ತು, ಅದನ್ನು ಮುಂದೆ ಹೇಳುತ್ತೇನೆ. ಈ ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ನಮ್ಮ ಜಿಲ್ಲೆಯಲ್ಲಿ ಈ ನಿರ್ಧಾರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳನ್ನು ನೋಡಿಯೇ ಮಾಡಬೇಕು. ಜನವರಿಯ ಬಿಸಿಲಿನಲ್ಲಿ, ಕೊಯ್ಲಾದ ಗದ್ದೆಯಲ್ಲಿ ಬಾಲವೆತ್ತಿ ಓಡುವ ಮರಿಯನ್ನು ನೋಡುತ್ತ ನಿಂತವರಿಗೆ ಮಾರುವ ಮನಸ್ಸು ಬರುವುದಿಲ್ಲ. ಕುದುರೆ ಸಾಮಾನ್ಯವಾಗಿ 25ರಿಂದ 30 ವರ್ಷ ಬದುಕುವ ಪ್ರಾಣಿ. ಅದನ್ನು ಇಟ್ಟುಕೊಳ್ಳುವವರು ಇನ್ನು ಇಪ್ಪತ್ತಕ್ಕೂ ಹೆಚ್ಚು ಮಳೆಗಾಲಗಳನ್ನು ಅದರೊಡನೆ ಕಳೆಯಲು ಒಪ್ಪಿದಂತೆ.

ಮೊದಲು ಮೈ ನೋಡಿ, ವಯಸ್ಸು ನೋಡಿ

ಮರಿಯ ವಯಸ್ಸು ನಿಮಗೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಬಾಯಿ ತೆರೆದು ನೋಡಿ. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ ಜೋಡಿ ಮೂರೂವರೆಗೆ, ತುದಿಯ ಜೋಡಿ ನಾಲ್ಕೂವರೆಗೆ ಬಿದ್ದು ಹೊಸ ಹಲ್ಲು ಬರುತ್ತದೆ; ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಎಳೆಗುದುರೆಯ ಬಗ್ಗೆ ಬೇಸರ ಹುಟ್ಟುವುದೂ ಮಾರುವ ಮಾತು ಬರುವುದೂ ಹೆಚ್ಚಾಗಿ ಈ ಹಲ್ಲು ಬದಲಾಗುವ ಕಾಲದಲ್ಲಿಯೇ. ನಮ್ಮ ಮನೆಯ ಹೆಣ್ಣುಮರಿ ಎರಡೂವರೆ ವರ್ಷದಲ್ಲಿ ಕಡಿವಾಣ ತೋರಿಸಿದರೆ ತಲೆ ಎತ್ತಿ ಹಿಂದಕ್ಕೆ ಸರಿಯುತ್ತಿತ್ತು, ಒಮ್ಮೆ ಮುಂಗಾಲನ್ನೂ ಎತ್ತಿತು. ಇದು ಹಟಮಾರಿ, ಕೊಟ್ಟುಬಿಡೋಣ ಎಂದು ಮನೆಯವರೆಲ್ಲ ಒಪ್ಪಿಯಾಗಿತ್ತು. ಗೊರಸು ಕತ್ತರಿಸಲು ಮೈಸೂರಿನಿಂದ ಬಂದ ಲಾಳ ಕಟ್ಟುವವರು ಅದರ ತುಟಿ ಸರಿಸಿ, ಬೆರಳಿನಿಂದ ಒಸಡನ್ನು ಮುಟ್ಟಿ ನೋಡಿ, “ಸಾರ್, ಇದು ಕೆಟ್ಟ ಕುದುರೆ ಅಲ್ಲ. ಇದಕ್ಕೆ ಬಾಯಿ ನೋಯ್ತಾ ಇದೆ” ಎಂದರು. ದವಡೆ ಹಲ್ಲುಗಳ ಮುಂದೆ, ಕಡಿವಾಣ ಕೂರುವ ಜಾಗದಲ್ಲೇ, ಅವರೆಕಾಳಿನಷ್ಟು ಸಣ್ಣ ಹಲ್ಲೊಂದು ಮೂಡಿತ್ತು. ಪಶುವೈದ್ಯರು ಅದನ್ನು ತೆಗೆದ ಮೇಲೆ ಒಂದು ತಿಂಗಳು ಬಾಯಿಗೆ ಏನನ್ನೂ ಹಾಕದೆ ಬಿಟ್ಟೆವು. ಇಂದು ನಮ್ಮಲ್ಲಿ ಉಳಿದಿರುವ ಕುದುರೆ ಅದೇ. ಆದ್ದರಿಂದ ಸ್ವಭಾವದ ಬಗ್ಗೆ ತೀರ್ಪು ಕೊಡುವ ಮುನ್ನ ಬಾಯಿ, ಬೆನ್ನು, ಗೊರಸು ಈ ಮೂರನ್ನೂ ತಿಳಿದವರಿಂದ ನೋಡಿಸಿ. ನೋವಿರುವ ಪ್ರಾಣಿಯ ನಡತೆಯನ್ನು ಗುಣವೆಂದು ಬರೆದಿಡಬೇಡಿ.

ಒಂದರಿಂದ ಎರಡು ವರ್ಷದ ನಡುವೆ ಮರಿಯ ಮೈ ಅಂದಗೆಡುತ್ತದೆ. ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗುತ್ತದೆ, ತಲೆ ದೊಡ್ಡದಾಗಿ ಕಾಣುತ್ತದೆ, ಎದೆ ಕಿರಿದಾಗಿರುತ್ತದೆ. ಇದು ಬೆಳವಣಿಗೆಯ ಹಂತ. ಈ ಹೊತ್ತಿನಲ್ಲಿ ಮಾರಿದರೆ ಬೆಲೆಯೂ ಸಿಗುವುದಿಲ್ಲ, ಮುಂದೆ ಅದು ಏನಾಗುತ್ತದೆಂದು ನಿಮಗೂ ಕೊಳ್ಳುವವರಿಗೂ ತಿಳಿಯುವುದಿಲ್ಲ. ಎತ್ತರ ಬೇಗ ಬಂದರೂ ಮೂಳೆ ನಿಧಾನವಾಗಿ ಬಲಿಯುತ್ತದೆ ಎಂಬುದನ್ನೂ ನೆನಪಿಡಬೇಕು. ಮುಂಗಾಲಿನ ಮಂಡಿಯ ಮೇಲಿನ ಬೆಳವಣಿಗೆಯ ಪದರ ಮುಚ್ಚಿಕೊಳ್ಳುವುದು ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ. ಬೆನ್ನುಮೂಳೆ ಪೂರ್ತಿ ಬಲಿಯಲು ಐದು ವರ್ಷ ದಾಟುತ್ತದೆ.

ತೂಕವನ್ನು ಅಂದಾಜಿಸಲು ದರ್ಜಿಯ ಟೇಪು ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೊಮ್ಮೆ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದಲ್ಲಿ ತೂಕ ಸಿಗುತ್ತದೆ. ಸುತ್ತಳತೆ 150, ಉದ್ದ 140 ಇದ್ದರೆ ತೂಕ ಸುಮಾರು 265 ಕಿಲೋ. ಈ ಸೂತ್ರ ಬೆಳೆದ ಕುದುರೆಗೆ ಮಾಡಿದ್ದು; ಎಳೆಯದಕ್ಕೆ ತುಸು ಕಡಿಮೆ ತೋರಿಸುತ್ತದೆ. ಕುದುರೆ ಹೊರಬಹುದಾದ ಭಾರ ಅದರ ತೂಕದ ಐದನೇ ಒಂದು ಭಾಗ ಎಂಬುದು ಬೆಳೆದ ಕುದುರೆಗೆ ಹೇಳುವ ಸಾಮಾನ್ಯ ಮಿತಿ. ಈ ಲೆಕ್ಕದಲ್ಲಿ 265 ಕಿಲೋ ತೂಗುವ ಕುದುರೆ ಬಲಿತ ಮೇಲೂ ಜೀನು ಸೇರಿ 53 ಕಿಲೋಗಿಂತ ಹೆಚ್ಚು ಹೊರಬಾರದು. “ಈ ವರ್ಷವೇ ಸವಾರಿಗೆ ಹಾಕಿದರೆ ಖರ್ಚು ಹುಟ್ಟುತ್ತದೆ” ಎನ್ನುವವರ ಮುಂದೆ ಈ ಸಂಖ್ಯೆಯನ್ನು ಇಡಿ.

ಮಳೆಗಾಲದ ಲೆಕ್ಕ

ಈ ಲೇಖನದಲ್ಲಿ ನೀವು ನಿಧಾನವಾಗಿ ಓದಬೇಕಾದ ಭಾಗವಿದು. ಒಂದು ನೋಟ್‌ಬುಕ್ ತೆಗೆದುಕೊಂಡು, ಮುಂದಿನ ಮಳೆಗಾಲ ಕಣ್ಣಮುಂದೆ ಇದೆಯೆಂದು ಭಾವಿಸಿ, ಜಾಗ, ಮೇವು, ರೋಗ, ಜನ ಎಂದು ಒಂದೊಂದಕ್ಕೂ ಒಂದೊಂದು ಪುಟ ಬರೆಯಿರಿ.

ಜಾಗದ ಪುಟದಲ್ಲಿ ಮೊದಲು ಬರೆಯಬೇಕಾದದ್ದು ಲಾಯ. ಬೆಳೆದ ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ಬೇಕು. ಸಣ್ಣ ತಳಿಗೆ 10 ಅಡಿ ಸಾಕಾಗಬಹುದು. ದನದ ಕೊಟ್ಟಿಗೆಯ ಒಂದು ಮೂಲೆಯಲ್ಲಿ ಕಟ್ಟಿಹಾಕಿ ನಾಲ್ಕು ತಿಂಗಳು ಕಳೆಯುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಬೆಳೆಯುವ ಕುದುರೆಗೆ ಅದು ಸಾಲದು, ಅದಕ್ಕೆ ದಿನವೂ ಓಡಾಟ ಬೇಕೇ ಬೇಕು. ಹಿಂದೆ ಬಾಣೆ ಜಮೀನಿನಲ್ಲಿ ದನ ಮೇಯುತ್ತಿದ್ದವು, ಸೊಪ್ಪು ಸೌದೆಗೂ ಅದೇ ಜಾಗವಾಗಿತ್ತು. ಈಗ ಬಾಣೆಯ ಬಹುಪಾಲು ಕಾಫಿಯಾಗಿದೆ. ಗದ್ದೆಯಲ್ಲಿ ಜೂನ್ ಜುಲೈಯಿಂದ ಸುಗ್ಗಿಹಬ್ಬ ಹುತ್ತರಿಯ ಕೊಯ್ಲಿನವರೆಗೆ ನೀರು ಮತ್ತು ಪೈರು. ತೋಟದೊಳಗೆ ಇಳಿಜಾರು, ಜಾರುವ ಕೆಂಪು ಮಣ್ಣು, ಮೆಣಸಿನ ಬಳ್ಳಿಗೂ ಕಾಫಿಗೂ ಹೊಡೆದ ಬೋರ್ಡೋ ದ್ರಾವಣ. ಅದರಲ್ಲಿರುವ ಮೈಲುತುತ್ತ ಮೇಯುವ ಪ್ರಾಣಿಗೆ ಒಳ್ಳೆಯದಲ್ಲ. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತ ಬಂದರೆ ಮಳೆಯಲ್ಲೂ ಕುದುರೆ ಬಿಡಬಹುದಾದ, ನೀರು ನಿಲ್ಲದ ಜಾಗ ನಿಮ್ಮಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ. ಕಾಫಿ ಒಣಗಿಸುವ ಕಣ ಮಳೆಗಾಲದಲ್ಲಿ ಖಾಲಿಯಿರುತ್ತದೆ. ಸಿಮೆಂಟಿನ ಕಣ ಪಾಚಿ ಕಟ್ಟಿ ಜಾರುವುದರಿಂದ ಅದಕ್ಕೆ ಬರುವುದಿಲ್ಲ, ಆದರೆ ಜಲ್ಲಿ ಮರಳು ಹಾಕಿದ ಒಂದು ಅಂಗಳವನ್ನು ಬೇಲಿ ಕಟ್ಟಿ ಇಟ್ಟುಕೊಂಡರೆ ದಿನಕ್ಕೆ ಎರಡು ಮೂರು ಗಂಟೆ ಬಿಡಬಹುದು. ಶ್ರೀಮಂಗಲ, ಕುಟ್ಟ, ಬಾಳೆಲೆಯಂಥ ನಾಗರಹೊಳೆಯ ಅಂಚಿನ ಊರುಗಳಲ್ಲಿ ಹುಲಿ ದನ ಹಿಡಿಯುವುದು ಹೊಸತೇನಲ್ಲ. ಅಲ್ಲಿಯವರು ರಾತ್ರಿ ಕುದುರೆಯನ್ನು ಹೊರಗೆ ಬಿಡುವ ಮಾತನ್ನೇ ಆಡಬಾರದು.

ಮೇವಿನ ಪುಟಕ್ಕೆ ಲೆಕ್ಕ ಹೀಗೆ: ಕುದುರೆಗೆ ದಿನಕ್ಕೆ ಅದರ ತೂಕದ ಸುಮಾರು 2 ಶೇಕಡದಷ್ಟು ಒಣಮೇವಿನ ಅಂಶ ಬೇಕು. 300 ಕಿಲೋ ತೂಗುವುದಕ್ಕೆ ದಿನಕ್ಕೆ 6 ಕಿಲೋ, 120 ದಿನಕ್ಕೆ 720 ಕಿಲೋ. ಮಳೆಗಾಲದ ಹಸಿಹುಲ್ಲಿನಲ್ಲಿ ನೀರೇ ಹೆಚ್ಚು, ಹೊಟ್ಟೆ ತುಂಬಿದರೂ ಮೈಗೆ ಹತ್ತುವುದಿಲ್ಲ. ಅರ್ಧದಷ್ಟನ್ನು ಹಸಿಹುಲ್ಲಿನಿಂದ ತೂಗಿಸಿದರೂ ಮೇ ತಿಂಗಳು ಮುಗಿಯುವುದರೊಳಗೆ 400 ಕಿಲೋ ಒಳ್ಳೆಯ ಒಣಹುಲ್ಲು ಅಟ್ಟದ ಮೇಲೆ, ನೆಲದ ತಂಪು ತಾಗದಂತೆ ಇರಬೇಕು. ನಮ್ಮ ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ. ಪಿರಿಯಾಪಟ್ಟಣ, ಹುಣಸೂರಿನ ಕಡೆಯಿಂದ ರಾಗಿ ಹುಲ್ಲು ತರಿಸುವುದು ಮೇಲು. ಬೂಷ್ಟು ಹಿಡಿದ ಹುಲ್ಲನ್ನು ದನಕ್ಕೆ ಹಾಕುವಂತೆ ಕುದುರೆಗೆ ಹಾಕಿದರೆ ಅದಕ್ಕೆ ಕೆಮ್ಮು, ಉಬ್ಬಸ ಅಂಟಿಕೊಳ್ಳುತ್ತದೆ, ಹೊಟ್ಟೆಶೂಲೆಯೂ ಬರಬಹುದು. ಕುದುರೆ ವಾಂತಿ ಮಾಡಲಾರದ ಪ್ರಾಣಿ. ಒಳಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹಸು ಸಾಕಿ ಗೊತ್ತಿರುವ ಮನೆಗಳಲ್ಲಿ ಎಳೆಗುದುರೆಗೂ ಭತ್ತದ ತೌಡನ್ನು ಬುಟ್ಟಿಗಟ್ಟಲೆ ಕೊಡುತ್ತಾರೆ, ನೇಪಿಯರ್ ಹುಲ್ಲನ್ನು ಕತ್ತರಿಸಿ ಹಾಕುತ್ತಾರೆ. ತೌಡಿನಲ್ಲಿ ರಂಜಕ ಬಹಳ, ಸುಣ್ಣದ ಅಂಶ ಅತಿ ಕಡಿಮೆ. ನೇಪಿಯರ್, ಸೆಟೇರಿಯಾದಂಥ ಹುಲ್ಲುಗಳಲ್ಲಿರುವ ಆಕ್ಸಲೇಟು ಮೇವಿನಲ್ಲಿದ್ದ ಸುಣ್ಣವನ್ನೂ ಹಿಡಿದಿಟ್ಟುಕೊಂಡು ಸಗಣಿಯಲ್ಲಿ ಹೊರಗೆ ಹಾಕಿಬಿಡುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮುರಿಯುತ್ತವೆ, ಕುದುರೆಗೆ ಆ ಅನುಕೂಲವಿಲ್ಲ. ಎರಡೂ ಕೂಡಿದಾಗ ದೇಹ ತನ್ನ ಮೂಳೆಯಿಂದಲೇ ಸುಣ್ಣವನ್ನು ಎಳೆದುಕೊಳ್ಳುತ್ತದೆ: ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತದೆ, ಮುಖದ ಮೂಳೆ ಎರಡೂ ಬದಿಯಲ್ಲಿ ಊದಿಕೊಳ್ಳುತ್ತದೆ. ಬೆಳೆಯುವ ಮರಿಯ ಮೇವಿನಲ್ಲಿ ರಂಜಕ ಒಂದು ಪಾಲಾದರೆ ಸುಣ್ಣದ ಅಂಶ ಒಂದೂವರೆಯಿಂದ ಎರಡು ಪಾಲು ಇರಬೇಕು. ತೌಡನ್ನು ಬಿಟ್ಟು ನೆನೆಸಿ ಬೇಯಿಸಿದ ಹುರುಳಿಯನ್ನು ಅಳತೆಯಲ್ಲಿ ಕೊಡುವುದು, ಲೂಸರ್ನ್ ಸೊಪ್ಪು ಸಿಕ್ಕರೆ ಸೇರಿಸುವುದು, ಖನಿಜ ಮಿಶ್ರಣವನ್ನು ಪಶುವೈದ್ಯರನ್ನು ಕೇಳಿ ಹಾಕುವುದು ಸರಿಯಾದ ದಾರಿ. ಕಾಫಿ ಹಣ್ಣಿನ ಸಿಪ್ಪೆಯ ರಾಶಿಯ ಬಳಿ, ಪಲ್ಪಿಂಗ್ ಮಾಡಿದ ನೀರಿನ ಗುಂಡಿಯ ಬಳಿ, ಲಂಟಾನ ಮತ್ತು ಕಾಡು ಜರಿಗಿಡ ಹಬ್ಬಿದ ಬದಿಗಳಲ್ಲಿ ಮೇಯಲು ಬಿಡಬಾರದು.

ರೋಗದ ಪುಟವನ್ನು ಗೊರಸಿನಿಂದ ಆರಂಭಿಸಿ. ಜುಲೈ, ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆಯಲ್ಲಿ ಹತ್ತು ದಿನ ಗೊರಸನ್ನು ಎತ್ತಿ ನೋಡದೆ ಬಿಟ್ಟ ಒಂದು ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಹಿಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕೊಕ್ಕೆಯಿಂದ ಮಣ್ಣು ಕೆರೆದಾಗ, ಗೊರಸಿನ ನಡುವಿನ ಮೆತ್ತನೆಯ ತ್ರಿಕೋನದ ಪಕ್ಕದ ಸಂದಿಯಲ್ಲಿ ಕೊಕ್ಕೆಯ ತುದಿ ಅರ್ಧ ಬೆರಳಿನಷ್ಟು ಒಳಗೆ ಇಳಿಯಿತು. ಒಳಗಿನಿಂದ ಕಪ್ಪು ಲೋಳೆಯಂಥದು ಬಂತು, ಕೊಳೆತ ವಾಸನೆ ಅಂದು ಸಂಜೆಯವರೆಗೂ ಕೈಬಿಡಲಿಲ್ಲ. ಮರಿ ಕಾಲನ್ನು ಕಿತ್ತುಕೊಂಡಿತು. ಗುಣವಾಗಲು ಆರು ವಾರ ಬೇಕಾಯಿತು. ಮಳೆಗಾಲದಲ್ಲಿ ದಿನಕ್ಕೊಮ್ಮೆ ನಾಲ್ಕೂ ಗೊರಸುಗಳನ್ನು ಎತ್ತಿ ಕೆರೆದು ಒಣಗಿಸಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಲಾಳ ಕಟ್ಟುವವರು ದೂರದಿಂದ ಬರಬೇಕಾದ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಏಳೆಂಟು ಬಾರಿ ಅವರನ್ನು ಕರೆಸುವ ಖರ್ಚನ್ನು, ಅವರ ಬಸ್ ಚಾರ್ಜನ್ನೂ ಸೇರಿಸಿ, ಈಗಲೇ ಬರೆದಿಡಿ. ಬೆನ್ನಿನ ಮೇಲೆ ನೆನೆದು ನೆನೆದು ಕೂದಲು ಗುಚ್ಛವಾಗಿ ಹಕ್ಕಳೆಯೊಡನೆ ಕಿತ್ತುಬರುವ ಚರ್ಮರೋಗ ಇನ್ನೊಂದು ಕಾಟ. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರ ಬಂದು ಬಂದು ಹೋಗುತ್ತದೆ, ಮೇವು ತಿನ್ನುತ್ತಲೇ ಕುದುರೆ ಸೊರಗುತ್ತದೆ, ಹೊಟ್ಟೆಯಡಿಯಲ್ಲೂ ಕಾಲುಗಳಲ್ಲೂ ಬಾವು ಕಾಣಿಸುತ್ತದೆ. ರಕ್ತ ಪರೀಕ್ಷೆಯಿಲ್ಲದೆ ಇದನ್ನು ಖಚಿತಪಡಿಸಿಕೊಳ್ಳುವಂತಿಲ್ಲ. ಆರೋಗ್ಯವಾದ ಬೆಳೆದ ಕುದುರೆಯ ಮೈಶಾಖ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44. ನಿಮ್ಮ ಕುದುರೆ ಚೆನ್ನಾಗಿರುವಾಗಲೇ ಇವನ್ನು ಅಳೆದು ಗೋಡೆಯ ಮೇಲೆ ಬರೆದಿಟ್ಟರೆ ಫೋನಿನಲ್ಲಿ ವೈದ್ಯರಿಗೆ ಹೇಳಲು ಒಂದು ಆಧಾರವಿರುತ್ತದೆ. ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರಿಗೆ ದಿನವೂ ಬರುವುದು ದನ, ಹಂದಿ, ನಾಯಿ. ಕುದುರೆಯಲ್ಲೇ ಪಳಗಿದ ವೈದ್ಯರು ಹೆಚ್ಚಾಗಿ ಮೈಸೂರು, ಬೆಂಗಳೂರಿನಲ್ಲಿದ್ದಾರೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ಕಂಡವರಿಗೆ, ಹೊಟ್ಟೆಶೂಲೆಯಲ್ಲಿ ಹೊರಳುವ ಕುದುರೆಯೊಡನೆ ಒಂದು ರಾತ್ರಿ ಕಾಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಪುಟ ಜನರದು. ದಿನಕ್ಕೆ ಒಂದೂವರೆ ಗಂಟೆ, ಮಳೆಯಲ್ಲೂ, ಕೆಸರಿನಲ್ಲೂ, ಮನೆಯಲ್ಲಿ ಮದುವೆಯಿದ್ದಾಗಲೂ ಯಾರು ಕೊಡುತ್ತಾರೆ? “ಎಲ್ಲರೂ ನೋಡಿಕೊಳ್ಳುತ್ತೇವೆ” ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ, ಒಬ್ಬರ ಹೆಸರನ್ನು ಬರೆಯಿರಿ. ತೋಟದ ಕೆಲಸಗಾರರ ಹೆಸರನ್ನು ಬರೆಯುವುದಾದರೆ ಅದು ಅವರ ಕೂಲಿಯಲ್ಲಿ ಸೇರಿದೆಯೇ, ಅವರಿಗೆ ಕುದುರೆಯ ಭಯವಿಲ್ಲವೇ ಎಂದು ಅವರನ್ನೇ ಕೇಳಿ. ಪಳಗಿಸುವ ಕಾಲವನ್ನೂ ಇಲ್ಲೇ ಲೆಕ್ಕ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಡಿಸೆಂಬರ್‌ನಿಂದ ಮಾರ್ಚ್ ನಡುವಿನವರೆಗೆ ಕಾಫಿ ಕೊಯ್ಲು, ಕಣ, ಕಾವಲು, ಬಟವಾಡೆ. ಹವೆ ಅತ್ಯುತ್ತಮವಾಗಿರುವ, ಗದ್ದೆ ಬಯಲಾಗಿರುವ ಆ ದಿನಗಳಲ್ಲೇ ಮನೆಯ ಯಾರಿಗೂ ಬಿಡುವಿರುವುದಿಲ್ಲ. ಉಳಿಯುವುದು ಅಕ್ಟೋಬರ್, ನವೆಂಬರ್ ಮತ್ತು ಕಾಫಿ ಹೂ ಅರಳಿಸುವ ಹೂಮಳೆಯ ನಂತರ ಮೇವರೆಗಿನ ದಿನಗಳು, ಒಟ್ಟು ನಾಲ್ಕೂವರೆ ತಿಂಗಳು. ಈ ಕಾಲವನ್ನು ಯಾರು ಬಳಸಿಕೊಳ್ಳುತ್ತಾರೆಂದು ಹೇಳಲಾಗದಿದ್ದರೆ ನಿಮ್ಮ ಕುದುರೆ ಐದು ವರ್ಷಕ್ಕೂ ಏನನ್ನೂ ಕಲಿಯದೆ ನಿಂತಿರುತ್ತದೆ. ಬಲಿತ, ಬಲಶಾಲಿಯಾದ, ಏನೂ ಕಲಿಯದ ಕುದುರೆಗೆ ಒಳ್ಳೆಯ ಮನೆ ಸಿಗುವುದು ಎಲ್ಲಕ್ಕಿಂತ ಕಷ್ಟ.

ಸ್ವಭಾವವನ್ನು ಅಳೆಯುವುದು

ನೋವಿಲ್ಲವೆಂದು ಖಚಿತವಾದ ಮೇಲೆ, ಮೂರು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರ್ಧ ಗಂಟೆ ಮರಿಯೊಡನೆ ಒಬ್ಬರೇ ಇದ್ದು ನೋಡಿ. ತಾಯಿಯ ಕಣ್ಣಳತೆಯಿಂದ ಹೊರಗೆ ಹಗ್ಗ ಹಿಡಿದು ನಡೆಸಿ. ನೆಲದ ಮೇಲೆ ನೀಲಿ ಟಾರ್ಪಾಲು ಹಾಸಿ ಅದರ ಬಳಿ ನಿಲ್ಲಿಸಿ. ಕಳೆ ಕತ್ತರಿಸುವ ಯಂತ್ರದ ಸದ್ದು ದೂರದಲ್ಲಿ ಕೇಳುವಾಗ ಮೈ ಉಜ್ಜಿ. ಎಳೆಗುದುರೆ ಹೆದರುವುದು ಸಹಜ; ನೀವು ಗಮನಿಸಬೇಕಾದದ್ದು, ಹೆದರಿದ ಮೇಲೆ ಎಷ್ಟು ಹೊತ್ತಿಗೆ ಅದರ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ, ಉಸಿರು ಇಳಿಯುತ್ತದೆ, ತಲೆ ತಗ್ಗುತ್ತದೆ ಎಂಬುದನ್ನು. ಮೊದಲ ದಿನ ಹತ್ತು ನಿಮಿಷ ಬೇಕಾದದ್ದಕ್ಕೆ ಮೂರನೆಯ ವಾರ ಒಂದು ನಿಮಿಷ ಸಾಕಾದರೆ, ಅದು ಮಕ್ಕಳಿರುವ ಮನೆಗೂ ಆಗುವ ಕುದುರೆ. ಮೂರು ವಾರದ ನಂತರವೂ ಹಿಂಗಾಲು ತಿರುಗಿಸಿ ಬೆದರಿಸುವ, ಮನುಷ್ಯರ ಮೇಲೆ ಏರಿಬರುವ ಮರಿಯಾದರೆ, ಅದನ್ನು ಪಳಗಿಸುವ ಕೈ ನಿಮ್ಮದಲ್ಲವೆಂದು ಒಪ್ಪಿಕೊಂಡು ಅನುಭವಿಗಳಿಗೆ ಕೊಡುವುದರಲ್ಲಿ ಅವಮಾನವಿಲ್ಲ.

ಜೊತೆಯ ವಿಷಯವನ್ನು ಇದರೊಡನೆಯೇ ಯೋಚಿಸಬೇಕು. ಕುದುರೆ ಗುಂಪಿನ ಪ್ರಾಣಿ. ಮರಿಯನ್ನು ಮಾರಿದರೆ ತಾಯಿ ಒಂಟಿಯಾಗುತ್ತದೆ. ಆಗ ಅದಕ್ಕೆ ಜೊತೆಯೇನು ಎಂಬ ಪ್ರಶ್ನೆಯೂ ನಿಮ್ಮದೇ. ಹಸುವೋ ಆಡೋ ಪಕ್ಕದಲ್ಲಿದ್ದರೆ ಕೆಲವು ಕುದುರೆಗಳು ಸಮಾಧಾನ ಹೊಂದುತ್ತವೆ, ಎಲ್ಲವೂ ಅಲ್ಲ.

ಗಂಡುಮರಿಯಾದರೆ ಕಾಯಲು ಹೆಚ್ಚು ಸಮಯವಿಲ್ಲ. ಒಂದು ವರ್ಷ ದಾಟಿದ ಗಂಡುಮರಿ ತಾಯಿಯನ್ನೂ ತಂಗಿಯನ್ನೂ ಗರ್ಭ ಕಟ್ಟಿಸಬಲ್ಲದು, ಆದ್ದರಿಂದ ಅಷ್ಟರೊಳಗೆ ಬೇರೆ ಮಾಡಬೇಕು. ತಳಿಗೆ ಬಳಸುವ ಉದ್ದೇಶವೂ ಅನುಕೂಲವೂ ಇಲ್ಲದವರು ಡಿಸೆಂಬರ್, ಜನವರಿಯ ಚಳಿಯಲ್ಲಿ, ನೊಣ ಕಡಿಮೆಯಿರುವಾಗ, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಬೀಜ ತೆಗೆಸುವುದು ಒಳ್ಳೆಯದು. ಇಟ್ಟುಕೊಂಡರೂ ಮಾರಿದರೂ ಅದರಿಂದ ಕುದುರೆಯ ಬಾಳು ಹಗುರವಾಗುತ್ತದೆ: ಬೇರೆ ಕುದುರೆಗಳೊಡನೆ ಬಿಡಬಹುದು, ಮನೆಯ ಮಕ್ಕಳು ಹತ್ತಿರ ಹೋಗಬಹುದು.

ಮಾರುವುದೆಂದಾದರೆ

ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ನಮ್ಮ ಮೊದಲ ಮರಿಯನ್ನು ದಸರಾ ರಜೆಯಲ್ಲಿ ಬಂದು ನೋಡಿದ ಒಬ್ಬರಿಗೆ, ಅದಕ್ಕೆ ಎರಡೂವರೆ ವರ್ಷವಾಗಿದ್ದಾಗ, ಒಂದೇ ದಿನದಲ್ಲಿ ಮಾತು ಮುಗಿಸಿ ಕೊಟ್ಟೆ. ಮನೆಯಲ್ಲಿ ಮಕ್ಕಳಿಗೆಂದು ಅವರು ಹೇಳಿದ್ದರು. ಅವರ ಜಾಗವನ್ನು ನಾನು ಹೋಗಿ ನೋಡಲಿಲ್ಲ. ಒಂದೂವರೆ ವರ್ಷದ ಮೇಲೆ ಪ್ರವಾಸಿಗರು ಸೇರುವ ಒಂದು ಜಾಗದಲ್ಲಿ ಸವಾರಿಯ ಕುದುರೆಗಳ ಸಾಲಿನಲ್ಲಿ ಅದನ್ನು ಕಂಡೆ. ಮೊದಲು ಗುರುತು ಹತ್ತಿದ್ದು ಹಣೆಯ ಸುಳಿಯಿಂದ. ಕತ್ತು ಮುಗಿದು ಬೆನ್ನು ಆರಂಭವಾಗುವ ಎತ್ತರದಲ್ಲಿ, ಕಂದು ಮೈಮೇಲೆ, ಎರಡು ರೂಪಾಯಿ ನಾಣ್ಯದಷ್ಟಗಲದ ಎರಡು ಬಿಳಿ ಮಚ್ಚೆಗಳಿದ್ದವು. ನಮ್ಮಲ್ಲಿದ್ದಾಗ ಅವು ಇರಲಿಲ್ಲ. ಜೀನು ಒತ್ತಿ ಆದ ಹುಣ್ಣು ಮಾಯ್ದ ಜಾಗದಲ್ಲಿ ಕೂದಲು ಹೀಗೆ ಬಿಳಿಯಾಗಿ ಬರುತ್ತದೆ. ಆಗಷ್ಟೇ ನಾಲ್ಕು ವರ್ಷವಾಗಿದ್ದ ಅದರ ಮೇಲೆ ದೊಡ್ಡವರು ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅದನ್ನು ಮರಳಿ ಕೊಳ್ಳಲು ಕೇಳಿದೆ. ಅಷ್ಟರಲ್ಲಿ ಅದು ಮೂರನೆಯವರ ಕೈಗೆ ಹೋಗಿತ್ತು, ಒಪ್ಪಲಿಲ್ಲ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯನ್ನೂ ಆ ದಿನದ ನಂತರ ನಾನು ತಪ್ಪದೆ ಪಾಲಿಸಿದ್ದೇನೆ.

ಕೊಳ್ಳುವವರು ಯಾರೆಂಬುದನ್ನು ಬೆಲೆಗಿಂತ ಮೊದಲು ನಿಶ್ಚಯಿಸಿ. ಸವಾರಿ ಶಾಲೆಯವರು ಶಾಂತ ಸ್ವಭಾವವನ್ನೂ ಗಟ್ಟಿ ಗೊರಸನ್ನೂ ಕೇಳುತ್ತಾರೆ. ಇನ್ನೊಂದು ತೋಟದವರು ಜೊತೆಗೆ ಕುದುರೆ ಬೇಕೆಂದು ಬರುತ್ತಾರೆ. ಟಾಂಗಾದವರಿಗೂ ಮೆರವಣಿಗೆಗೆ ಕುದುರೆ ಒದಗಿಸುವವರಿಗೂ ಬೇಕಾದದ್ದು ಬೇರೆ. ರೇಸಿನ ತಾಯಿಗೆ ಹುಟ್ಟಿದ ಮರಿ ಎಂದ ಮಾತ್ರಕ್ಕೆ ರೇಸಿನ ಬೆಲೆಯನ್ನು ನಿರೀಕ್ಷಿಸಬೇಡಿ. ರೇಸ್ ಕುದುರೆಗಳ ವಂಶಾವಳಿಯ ದಾಖಲೆಯಾದ ಸ್ಟಡ್ ಬುಕ್ಕಿನಲ್ಲಿ ನೋಂದಣಿಯಾಗದ ಮರಿ ರೇಸಿಗೆ ಇಳಿಯುವಂತಿಲ್ಲ. ಸುಳಿ ನೋಡುವವರೂ ಬರುತ್ತಾರೆ. ನನಗೆ ಸುಳಿಯ ಶುಭಾಶುಭದಲ್ಲಿ ನಂಬಿಕೆಯಿಲ್ಲ, ಆದರೆ ಸುಳಿಯ ಕಾರಣಕ್ಕೆ ಮನಸ್ಸಿನಲ್ಲಿ ಅಳುಕಿಟ್ಟುಕೊಂಡು ಕೊಂಡೊಯ್ದವರು ಮುಂದೆ ಮನೆಯಲ್ಲಿ ಏನೇ ಕೆಟ್ಟದ್ದಾದರೂ ಕುದುರೆಯನ್ನು ದೂರುತ್ತಾರೆ. ಅಂಥವರಿಗೆ ಕೊಡದಿರುವುದೇ ಮೇಲು. ಸುಳಿಯ ನಿಜವಾದ ಉಪಯೋಗ ಗುರುತಿಗೆ. ಮಾರಾಟದ ಕಾಗದದಲ್ಲಿ ಬಣ್ಣ, ಬಿಳಿ ಗುರುತುಗಳ ಜೊತೆಗೆ ಸುಳಿಗಳ ಜಾಗವನ್ನೂ ಬರೆದು, ನಾಲ್ಕು ಬದಿಯ ಫೋಟೋ ಅಂಟಿಸಿ.

ಮಾರುವ ಮೊದಲು ಮರಿಗೆ ನಾಲ್ಕು ವಿದ್ಯೆ ಕಲಿಸಿ: ಹಗ್ಗ ಹಿಡಿದರೆ ಜೊತೆಗೆ ನಡೆಯುವುದು, ಕಟ್ಟಿದಲ್ಲಿ ನಿಲ್ಲುವುದು, ನಾಲ್ಕೂ ಕಾಲುಗಳನ್ನು ಎತ್ತಿಕೊಡುವುದು, ವಾಹನ ಹತ್ತುವುದು. ಇಷ್ಟು ಕಲಿತ ಮರಿಗೆ ಬೆಲೆ ಬರುವುದಲ್ಲದೆ, ಹೊಸ ಮನೆಯಲ್ಲಿ ಪೆಟ್ಟು ತಿನ್ನುವ ಸಂದರ್ಭಗಳೂ ಕಡಿಮೆಯಾಗುತ್ತವೆ. ಇದಕ್ಕೆ ಎರಡು ತಿಂಗಳು ಸಾಕು.

ಕಾಗದಪತ್ರದ ಕೆಲಸವನ್ನು ಒಂದು ತಿಂಗಳು ಮೊದಲೇ ಆರಂಭಿಸಬೇಕು. ಗ್ಲಾಂಡರ್ಸ್ ಎಂಬುದು ಕುದುರೆಯಿಂದ ಮನುಷ್ಯರಿಗೂ ಅಂಟುವ ಮಾರಕ ರೋಗ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕೇಂದ್ರ ಕಾಯ್ದೆಯಡಿ ಅದನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ರೋಗ ಖಚಿತವಾದ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಸರ್ಕಾರಿ ಪಶುವೈದ್ಯರ ಮೂಲಕ ರಕ್ತದ ಮಾದರಿ ಕಳುಹಿಸಿ ವರದಿ ಬಂದ ಮೇಲೆಯೇ ಕುದುರೆಯನ್ನು ಸಾಗಿಸಿ, ಸಾಗಣೆಗೆ ಬೇಕಾದ ಆರೋಗ್ಯ ಪ್ರಮಾಣಪತ್ರವನ್ನೂ ಪಡೆಯಿರಿ. ನೀವು ಕೊಳ್ಳುವವರಾದರೂ ಇದೇ ವರದಿಯನ್ನು ಕೇಳಿ. ಧನುರ್ವಾಯು, ರೇಬಿಸ್ ಚುಚ್ಚುಮದ್ದಿನ ದಿನಾಂಕ, ಜಂತುನಾಶಕ ಕೊಟ್ಟ ದಿನಾಂಕ, ಹಿಂದೆ ಬಂದ ಕಾಯಿಲೆ, ಕುಂಟಿದ್ದರೆ ಯಾವ ಕಾಲು, ಇವೆಲ್ಲವನ್ನೂ ಬರೆದುಕೊಡಿ. ದೋಷವನ್ನು ಮುಚ್ಚಿಟ್ಟು ಮಾರಿದರೆ ಅದರ ಬೆಲೆಯನ್ನು ತೆರುವುದು ಕುದುರೆ. ಮುಂದೆ ಅವರು ಮಾರುವುದಾದರೆ ಮೊದಲು ನಿಮಗೆ ತಿಳಿಸಬೇಕೆಂದೂ, ನಾಲ್ಕು ವರ್ಷ ತುಂಬುವವರೆಗೆ ಸವಾರಿಗೆ ಹಾಕಬಾರದೆಂದೂ ಕಾಗದದಲ್ಲಿ ಸೇರಿಸಿ ಸಹಿ ಪಡೆಯಿರಿ. ಇದನ್ನು ಎಲ್ಲರೂ ಪಾಲಿಸುತ್ತಾರೆಂಬ ಭರವಸೆ ನನಗಿಲ್ಲ. ಆದರೆ ಸಹಿ ಹಾಕಲು ಹಿಂದೆಗೆಯುವವರು ಯಾರೆಂದು ಅಲ್ಲೇ ತಿಳಿದುಬಿಡುತ್ತದೆ. ಅವರ ಲಾಯವನ್ನು ನೀವೇ ಹೋಗಿ ನೋಡಿ, ಸಾಧ್ಯವಾದರೆ ಹೇಳದೆ ಎರಡನೆಯ ಬಾರಿಯೂ ಹೋಗಿ. ಅಲ್ಲಿರುವ ಬೇರೆ ಕುದುರೆಗಳ ಬೆನ್ನನ್ನೂ ಬಾಯಿಯ ಮೂಲೆಗಳನ್ನೂ ನೋಡಿದರೆ ಯಜಮಾನರ ಬಾಯಿಮಾತು ಬೇಕಾಗುವುದಿಲ್ಲ.

ಕಳುಹಿಸುವ ದಿನ

ಮಳೆಗಾಲದಲ್ಲಿ ಕಳುಹಿಸಬೇಡಿ. ಘಟ್ಟದ ತಿರುವುಗಳಲ್ಲಿ ನಿಂತು ಹೋಗಬೇಕಾದ ಎಳೆಗುದುರೆಗೆ ಒಣರಸ್ತೆಯೂ ತಂಪು ಹೊತ್ತೂ ಬೇಕು; ನವೆಂಬರ್‌ನಿಂದ ಫೆಬ್ರವರಿಯವರೆಗೆ, ಬೆಳಗಿನ ಜಾವ ಹೊರಡುವುದು ಉತ್ತಮ. ವಾಹನದ ನೆಲಕ್ಕೆ ರಬ್ಬರ್ ಹಾಸು ಅಥವಾ ದಪ್ಪ ಹುಲ್ಲು ಹಾಸಿ, ಎರಡೂ ಬದಿಗೆ ಒರಗಲು ಅಡ್ಡಗಟ್ಟಿ. ತಲೆಯನ್ನು ಎತ್ತಿ ಬಿಗಿಯಾಗಿ ಕಟ್ಟಬಾರದು, ಅದು ತಲೆ ತಗ್ಗಿಸಿ ಮೂಗು ಸೀಟಿಕೊಳ್ಳುವಂತಿರಬೇಕು. ಹಾಗಿಲ್ಲದ ದೂರದ ಪ್ರಯಾಣದಿಂದ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಕಾಳು ಕೊಡದೆ ಹುಲ್ಲು ಮಾತ್ರ ಕೊಡಿ, ಮೂರು ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ. ಅದಕ್ಕೆ ಪರಿಚಯವಿರುವ ಒಬ್ಬರು ವಾಹನದಲ್ಲೇ ಹೋಗಲಿ.

ತಾಯಿಕುದುರೆಯನ್ನು ಆ ಹೊತ್ತಿಗೆ ಲಾಯದೊಳಗೆ ಜೊತೆಯೊಂದಿಗೆ ನಿಲ್ಲಿಸಿ, ಬಾಗಿಲನ್ನು ಭದ್ರಪಡಿಸಿ. ಎರಡು ಮೂರು ದಿನ ಅದು ಕೂಗುತ್ತದೆ, ಮೇವು ಬಿಡುತ್ತದೆ. ನೀರು ಕುಡಿಯುತ್ತಿದೆಯೇ ಎಂಬುದನ್ನು ಬಕೆಟ್ ಅಳತೆಯಲ್ಲಿ ನೋಡುತ್ತಿರಿ. ಮರಿಯೊಡನೆ ನೀವು ಹಾಕುತ್ತಿದ್ದ ಹುಲ್ಲು ಮತ್ತು ಹುರುಳಿಯನ್ನು ಹತ್ತು ದಿನಕ್ಕಾಗುವಷ್ಟು ಚೀಲದಲ್ಲಿ ಕಟ್ಟಿ ಕಳುಹಿಸಿ, ಹೊಸ ಮೇವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆರೆಸುವಂತೆ ಹೇಳಿ. ಮೊದಲ ವಾರ ದಿನವೂ ಒಮ್ಮೆ ಫೋನ್ ಮಾಡಿ ಎರಡೇ ವಿಷಯ ಕೇಳಿ: ಎಷ್ಟು ನೀರು ಕುಡಿಯಿತು, ಎಷ್ಟು ಬಾರಿ ಲದ್ದಿ ಹಾಕಿತು.